ತವರುಮನಿ ಹೇಳತೈತಿ, ಗಂಡನ ಮನಿ ಹೇಳೂದಿಲ್ಲ: ಹಳೆ ಗಾಡಿ ಗುರುತಿಸುವ ಫೋನ್ ಸೌಲಭ್ಯದ ವಿಮರ್ಶೆ

ಮದುವೆ ಆಲ್ಬಮ್ಮಿನಲ್ಲಿ ಮದುಮಕ್ಕಳ ಹಿಂದೆ ನಿಂತ ಕಾರು, ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೇರಿಕೊಂಡ ಲಾರಿ, ಹಳೆ ಹುಬ್ಬಳ್ಳಿಯ ಯಾವುದೋ ಓಣಿಯಲ್ಲಿ ಅರ್ಧ ಕಾಣುವ ಜೀಪು. ಇದು ಯಾವ ಗಾಡಿ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಈಗ ಮೊದಲು ಹೊರಬರುವುದು ಫೋನ್. ಹಾಗೆ ಕೇಳಿದಾಗ ಫೋನ್ ಕೊಡುವ ಉತ್ತರ ಎಷ್ಟರಮಟ್ಟಿಗೆ ನಿಲ್ಲುತ್ತದೆ ಅನ್ನುವುದೇ ಈ ವಿಮರ್ಶೆ.

ಸೌಲಭ್ಯ ಎರಡು ನಮೂನೆಯದು. ಒಂದು, ಕ್ಯಾಮೆರಾದ ಜೊತೆಗೇ ಬರುವ ಚಿತ್ರ ಹುಡುಕಾಟ: ಫೋಟೊ ಕೊಟ್ಟರೆ ಅದೇ ಹೋಲಿಕೆಯ ಬೇರೆ ಫೋಟೊಗಳನ್ನು ಸಾಲಾಗಿ ತಂದಿಡುತ್ತದೆ. ಇನ್ನೊಂದು, ಚಿತ್ರ ನೋಡಿ ಮಾತಿನಲ್ಲಿ ಉತ್ತರ ಕೊಡುವ ಎಐ ಆ್ಯಪ್. ಕಂಪನಿ ಯಾವುದಾದರೂ ಎಡವುವ ಜಾಗ ಹೆಚ್ಚುಕಡಿಮೆ ಒಂದೇ ಆದ್ದರಿಂದ ಹೆಸರು ಹಿಡಿದು ಹೇಳುವ ಅಗತ್ಯ ಬೀಳಲಿಲ್ಲ. ಎರಡೂ ಪುಕ್ಕಟೆ ಸಿಗುತ್ತವೆ. ವಿದೇಶಿ ಗಾಡಿಗೆ ಐದರಲ್ಲಿ ನಾಲ್ಕು ಅಂಕ ಕೊಡಬಹುದು. ನಮ್ಮಲ್ಲೇ ತಯಾರಾದ ಹಳೆ ಕಾರಿಗೆ ಎರಡೂವರೆ. ಲಾರಿ, ಜೀಪಿಗೆ ಒಂದು, ಅದೂ ಕೈ ಬಿಗಿ ಹಿಡಿಯದೆ ಕೊಟ್ಟರೆ.

ಕಾರಣ ಸರಳ. 1990ರ ಮುಂಚೆ ಇಲ್ಲಿ ಓಡಿದ ಕಾರುಗಳ ಮೈಕಟ್ಟು ಬಹುಪಾಲು ಬೇರೆ ದೇಶದಲ್ಲಿ ಹುಟ್ಟಿದ್ದು. ಅಲ್ಲಿ ಅದು ಹಳತಾದ ಮೇಲೆ ಅಚ್ಚುಗಳು ಇಲ್ಲಿಗೆ ಬಂದವು, ಮುಖ ಸ್ವಲ್ಪ ಬದಲಾಯಿತು, ಎಂಜಿನ್ ಬೇರೆಯಾಯಿತು, ಹೆಸರು ಹೊಸದಾಯಿತು. ಇಂಟರ್ನೆಟ್ಟಿನಲ್ಲಿ ಮೂಲ ಗಾಡಿಯ ಚಿತ್ರಗಳೇ ರಾಶಿ ರಾಶಿ. ಹೋಲಿಕೆ ನೋಡಿ ಹುಡುಕುವ ಯಂತ್ರ ಆ ರಾಶಿಗೇ ಹೋಗಿ ಕೂಡುತ್ತದೆ. ಅದಕ್ಕೆ ತವರುಮನೆ ಗೊತ್ತು, ಕೊಟ್ಟ ಮನೆ ಗೊತ್ತಿಲ್ಲ.

ಕಾಂಟೆಸ್ಸಾ ತಗೊಳ್ಳಿ. ಅದರ ಮೈ ಇಂಗ್ಲೆಂಡಿನ ವಾಕ್ಸ್‌ಹಾಲ್ ವಿಕ್ಟರ್ ಎಫ್‌ಇಯದು. ವಿಕ್ಟರ್ ಅನ್ನುವ ಹೆಸರು ಅಲ್ಲಿ 1976ಕ್ಕೆ ಮುಗಿದಿತ್ತು. ಹಿಂದುಸ್ತಾನ್ ಮೋಟರ್ಸ್ ಅದನ್ನು ಕಾಂಟೆಸ್ಸಾ ಮಾಡಿ ಮಾರಾಟಕ್ಕೆ ತಂದದ್ದು 1984ರಲ್ಲಿ. ಫೋಟೊದ ಮೂಲೆಯಲ್ಲಿ ನಮ್ಮ ನಂಬರ್ ಪ್ಲೇಟ್ ಇದ್ದು ಉತ್ತರ ‘ವಾಕ್ಸ್‌ಹಾಲ್’ ಅಂತ ಬಂದರೆ ಅದನ್ನು ಕಾಂಟೆಸ್ಸಾ ಅಂತ ಓದಿಕೊಳ್ಳಬೇಕು. ಸ್ಟ್ಯಾಂಡರ್ಡ್ 2000 ಇದಕ್ಕಿಂತ ಮೋಸದ್ದು. ನೋಡಲಿಕ್ಕೆ ಪೂರ್ತಿ ರೋವರ್ ಎಸ್‌ಡಿ1. ಒಳಗಿದ್ದದ್ದು ಮಾತ್ರ ಹಳೆ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ವಂಶದ 1991 ಸಿಸಿ ನಾಲ್ಕು ಸಿಲಿಂಡರ್ ಎಂಜಿನ್. ಮದ್ರಾಸಿನ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ 1985ರಿಂದ 1988ರ ತನಕ ಕೆಲವೇ ವರ್ಷ ಇದನ್ನು ತಯಾರಿಸಿತು. ಮೈ ನೆಲದಿಂದ ಎತ್ತರಕ್ಕೆ ನಿಂತಂತೆ, ಚಕ್ರದ ಮೇಲೆ ಖಾಲಿ ಜಾಗ ಹೆಚ್ಚು ಇದ್ದಂತೆ ಕಂಡರೆ ಅದು ಇಂಗ್ಲೆಂಡಿನದ್ದಲ್ಲ.

ಎಲ್ಲಕ್ಕಿಂತ ಸುಲಭದ ಗುರುತು ಬಾಗಿಲು ಎಣಿಸುವುದು. ಇಷ್ಟು ಸಣ್ಣ ಕೆಲಸ ಯಂತ್ರ ಮಾಡುವುದಿಲ್ಲ ಅನ್ನುವುದೇ ಸೋಜಿಗ. ಹೆರಾಲ್ಡ್ ಫೋಟೊ ಕೊಟ್ಟರೆ ‘ಟ್ರಯಂಫ್ ಹೆರಾಲ್ಡ್’ ಅನ್ನುತ್ತದೆ. ಇಂಗ್ಲೆಂಡಿನಲ್ಲಿ ನಾಲ್ಕು ಬಾಗಿಲಿನ ಹೆರಾಲ್ಡ್ ಯಾವತ್ತೂ ಬರಲಿಲ್ಲ, ಅದು ಮದ್ರಾಸಿನಲ್ಲೇ ತಯಾರಾದದ್ದು. ನಾಲ್ಕು ಬಾಗಿಲು ಕಂಡವೋ, ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ಕಣ್ಣು ಮುಚ್ಚಿ ಬರೆಯಬಹುದು. ಎರಡು ಬಾಗಿಲಿದ್ದರೆ ಬ್ಯಾಜ್, ಅಂದರೆ ಮೈಮೇಲೆ ಹಚ್ಚಿದ ಕಂಪನಿ ಹೆಸರಿನ ಬಿಲ್ಲೆ, ನೋಡಬೇಕು, ಸುರುವಾತಿನ ಹೆರಾಲ್ಡ್‌ಗಳು ಇಲ್ಲಿಯೂ ಎರಡು ಬಾಗಿಲಿನವೇ. ಅದೇ ಮೈಗೆ ಬೇರೆ ಮುಖ ಕೊಟ್ಟು 1970ರ ದಶಕದಲ್ಲಿ ಮಾರಿದ್ದು ಗಜೆಲ್. ಈ ಹೆಸರು ಯಂತ್ರದ ಬಾಯಲ್ಲಿ ಬರುವುದೇ ಅಪರೂಪ.

ಬೆಂಗಳೂರಿನ ಸಿಪಾನಿ ಕಂಪನಿಯ ಗಾಡಿಗಳಿಗೂ ಇದೇ ಲೆಕ್ಕ. ಡಾಲ್ಫಿನ್ ಫೋಟೊಗೆ ‘ರಿಲಯಂಟ್ ಕಿಟನ್’ ಅಂತ ಬರುತ್ತದೆ, ಮೂಲದ ಮಟ್ಟಿಗೆ ಅದು ಖರೆ: ಫೈಬರ್ ಮೈ, 848 ಸಿಸಿ ಎಂಜಿನ್. ಆದರೆ ನಾಲ್ಕು ಬಾಗಿಲಿದ್ದರೆ ಅದು ಮೊಂಟಾನಾ. ಆ ನಮೂನೆ ಕಿಟನ್‌ನಲ್ಲಿ ಇರಲೇ ಇಲ್ಲ. ಮುಂದೆ ಒಂದೇ ಚಕ್ರ ಇರುವ ಫೈಬರ್ ಕಾರಿನ ಫೋಟೊ ಸಿಕ್ಕಿದರೆ ಜತನ ಮಾಡಿ. ಅದು ಬಾದಲ್ ಇರಬಹುದು, ಡಾಲ್ಫಿನ್‌ಗಿಂತ ಮೊದಲು ಬೆಂಗಳೂರಿನಲ್ಲೇ ತಯಾರಾದ 198 ಸಿಸಿಯ ಮೂರು ಚಕ್ರದ ಕಾರು. ಹೋಲಿಸಲಿಕ್ಕೆ ಚಿತ್ರಗಳೇ ಕಡಿಮೆ ಇರುವುದರಿಂದ ಯಂತ್ರ ಇದನ್ನು ಆಟೊರಿಕ್ಷಾ ಅಂದುಬಿಟ್ಟರೂ ಆಶ್ಚರ್ಯವಿಲ್ಲ.

ಅಂಬಾಸಿಡರ್‌ನಲ್ಲಿ ಹೆಸರು ತಪ್ಪುವುದಿಲ್ಲ, ಮಾರ್ಕ್, ಅಂದರೆ ಎಷ್ಟನೇ ಆವೃತ್ತಿ ಅನ್ನುವುದು, ತಪ್ಪುತ್ತದೆ. ಹಿಂದಿನ ಮಡ್‌ಗಾರ್ಡಿನ ತುದಿಯಲ್ಲಿ ಸಣ್ಣ ರೆಕ್ಕೆ ಎದ್ದಿದ್ದರೆ ಅದು ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸೀರೀಸಿನ ಮೈ, ಅಂದರೆ ಅಂಬಾಸಿಡರ್. ರೆಕ್ಕೆ ಇಲ್ಲದೆ ಹಿಂಭಾಗ ಗುಂಡಗೆ ಇಳಿದಿದ್ದರೆ ಅದಕ್ಕೂ ಮೊದಲಿನ ಲ್ಯಾಂಡ್‌ಮಾಸ್ಟರ್. ಆಲ್ಬಮ್ಮಿನಲ್ಲಿ ಲ್ಯಾಂಡ್‌ಮಾಸ್ಟರ್ ಇದ್ದರೂ ಎಲ್ಲರೂ ಅಂಬಾಸಿಡರ್ ಅಂತಲೇ ಕರೆದು ಮುಗಿಸಿರುತ್ತಾರೆ, ಯಂತ್ರವೂ ಅವರ ಸಾಲಿನಲ್ಲೇ. 1960ರ ದಶಕದ ಆರಂಭದಲ್ಲಿ ಬಂದ ಮಾರ್ಕ್ 2ರ ಗ್ರಿಲ್‌ನಲ್ಲಿ, ಅಂದರೆ ಮೂತಿಯ ಜಾಳಿಯಲ್ಲಿ, ಒತ್ತೊತ್ತಾದ ಸಣ್ಣ ಚೌಕಡಿ. 1979ರ ಮಾರ್ಕ್ 4ರಲ್ಲಿ ಚೌಕಡಿ ದೊಡ್ಡದು. ಇಲ್ಲಿ ಒಂದು ಎಚ್ಚರಿಕೆ. ಅಂಬಾಸಿಡರ್ ಗ್ರಿಲ್ ಬಿಚ್ಚಿ ಹಾಕುವುದು ಅರ್ಧ ತಾಸಿನ ಕೆಲಸ, ಹಳೆ ಗಾಡಿಗೆ ಹೊಸ ಗ್ರಿಲ್ ಹಾಕಿಸಿಕೊಂಡವರು ಎಷ್ಟೋ ಮಂದಿ. ಗ್ರಿಲ್ ಒಂದನ್ನೇ ನೋಡಿ ವರ್ಷ ಹೇಳಿದರೆ ತಪ್ಪಿದಂತೆಯೇ. ಒಳಗಿನ ಫೋಟೊ ಇದ್ದರೆ ಗೇರ್ ನೋಡಿ: ಸ್ಟೇರಿಂಗ್ ಪಕ್ಕದ ಗೇರ್ ಬದಲಿಗೆ ನೆಲದ ಗೇರ್ ಇದ್ದರೆ ಅದು 1990ರ ದಶಕದ ಇಸುಜು ಎಂಜಿನ್ನಿನ 1800 ಇರಬಹುದು, ಇಲ್ಲವೆ ಆಮೇಲೆ ಯಾರೋ ಬದಲಾಯಿಸಿದ್ದು.

ಫಿಯಟ್‌ಗೆ ಯಂತ್ರದ ಉತ್ತರ ಒಂದೇ: ‘ಫಿಯಟ್ 1100’. ತಪ್ಪಲ್ಲ, ಸಾಲದು. 1950ರ ದಶಕದ ಗುಂಡು ಮೈಯ ಮಿಲೆಚೆಂತೊ ಬೇರೆ. ಮುಂಬೈಯವರು ಅದನ್ನು ಡುಕ್ಕರ್ ಫಿಯಟ್ ಅಂತ ಕರೆದರು, ಮರಾಠಿಯಲ್ಲಿ ಡುಕ್ಕರ್ ಅಂದರೆ ಹಂದಿ. ಅದರ ಮುಂದಿನ ಬಾಗಿಲು ಉಲ್ಟಾ ತೆಗೆಯುತ್ತದೆ, ಅಂದರೆ ಹಿಡಿಕೆ ಮುಂದೆ, ತಿರುಗಣಿ ಹಿಂದೆ. ಹಿಡಿಕೆ ಎಲ್ಲಿದೆ ನೋಡಿದರೆ ಮಾಲೆ ಹಾಕಿ ಮುಚ್ಚಿದ ಮದುವೆ ಕಾರನ್ನೂ ಗುರುತಿಸಬಹುದು. 1964ರಿಂದ ಬಂದದ್ದು ಚೌಕಾಕಾರದ 1100ಡಿ, ಇಲ್ಲಿಯ ಹೆಸರು ಡಿಲೈಟ್. 1970ರ ದಶಕದ ಮೊದಲರ್ಧದಲ್ಲಿ ಅದೇ ಮೈ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, ಆಮೇಲೆ ಪ್ರೀಮಿಯರ್ ಪದ್ಮಿನಿ ಆಯಿತು. ಈ ಮೂರರ ನಡುವೆ ಪಕ್ಕದಿಂದ ತೆಗೆದ ಫೋಟೊದಲ್ಲಿ ವ್ಯತ್ಯಾಸ ಹುಡುಕುವುದು ವ್ಯರ್ಥ. ಬ್ಯಾಜ್ ಕಾಣದಿದ್ದರೆ ‘ಡಿಲೈಟ್–ಪದ್ಮಿನಿ ಮೈ’ ಅಂತ ಬರೆದು ಬಿಡುವುದೇ ಪ್ರಾಮಾಣಿಕತನ. ಪ್ರೀಮಿಯರ್ 118 ಎನ್‌ಇ ಫೋಟೊಗೆ ‘ಫಿಯಟ್ 124’ ಅಂತಲೋ ‘ಲಾಡಾ’ ಅಂತಲೋ ಬರಬಹುದು. ಎರಡೂ ಒಂದೇ ತವರಿನ ಅಕ್ಕತಂಗಿಯರು.

ಮಾರುತಿಗಳಲ್ಲಿ ತಪ್ಪು ಇನ್ನೊಂದು ದಿಕ್ಕಿನದು. 1986ರ ಎರಡನೇ ಮೈಯ ಮಾರುತಿ 800 ಪಾಕಿಸ್ತಾನದಲ್ಲಿ ಸುಜುಕಿ ಮೆಹರಾನ್ ಆಗಿ 2019ರ ತನಕ ತಯಾರಾಯಿತು. ಹಾಗಾಗಿ ಬ್ಯಾಜ್ ಮಸುಕಾದ ಫೋಟೊ ಗಡಿ ದಾಟಿ ಹೋಗುತ್ತದೆ. 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮೈ ಇನ್ನೂ ಚೂಪು ಮೂಲೆಯದು, ಈಗ ರಸ್ತೆಯಲ್ಲಿ ಕಾಣುವುದೇ ಕಷ್ಟ. ಜಿಪ್ಸಿಗೆ ಅದರ ವಿದೇಶಿ ಬಂಧು ಸುಜುಕಿ ‘ಸಮುರಾಯ್’ ಅಂತ ಬಂದರೆ ಬಾಗಿಲಿಗೂ ಹಿಂದಿನ ಚಕ್ರಕ್ಕೂ ನಡುವಿನ ಜಾಗ ನೋಡಿ. ಜಿಪ್ಸಿಯ ಮುಂದಿನ ಮತ್ತು ಹಿಂದಿನ ಗಾಲಿಗಳ ಅಂತರ 2375 ಮಿಲಿಮೀಟರ್, ಗಿಡ್ಡ ಸಮುರಾಯ್‌ದು 2030. ಒಂದು ಗೇಣಿಗಿಂತ ಹೆಚ್ಚಿನ ಈ ವ್ಯತ್ಯಾಸ ಫೋಟೊದಲ್ಲೂ ಎದ್ದು ಕಾಣುತ್ತದೆ.

ಸ್ವಾತಂತ್ರ್ಯದ ಆಸುಪಾಸಿನ ಅಮೆರಿಕನ್ ಕಾರುಗಳಲ್ಲಿ ಯಂತ್ರ ಚಲೋ ಕೆಲಸ ಮಾಡುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ 1956ರ ನವೆಂಬರ್ 1ರ ತನಕ ಮುಂಬೈ ಆಡಳಿತದಲ್ಲಿದ್ದವು. ಜನರಲ್ ಮೋಟರ್ಸ್ 1928ರಿಂದಲೇ ಮುಂಬೈಯ ಶಿವಡಿಯಲ್ಲಿ ಕಾರು ಜೋಡಿಸುತ್ತಿತ್ತು. ಆದ್ದರಿಂದ ಇಲ್ಲಿಯ ಹಳೆ ಫೋಟೊದಲ್ಲಿ ಶೆವ್ರೊಲೆ ಕಂಡರೆ ಅಚ್ಚರಿ ಬೇಡ. ಗ್ರಿಲ್ ನಡುವೆ ಇಂಗ್ಲಿಷ್ ಟಿ ಅಕ್ಷರದಂಥ ನೆಟ್ಟಗಿನ ಪಟ್ಟಿ ಇದ್ದರೆ ಅದು 1948ರ ಶೆವ್ರೊಲೆ. ಪ್ಲಿಮತ್‌ಗೆ ಮಾತ್ರ ‘1947’ ಅಂತ ಖಡಾಖಂಡಿತ ವರ್ಷ ಕೊಟ್ಟರೆ ನಂಬಬೇಡಿ. 1946ರಿಂದ 1948ರ ಮಾಡೆಲ್ ತನಕ ಮೈ ಬದಲಾಗಿಲ್ಲ, ಸೀರಿಯಲ್ ನಂಬರ್ ನೋಡದೆ ಯಾರೂ ವರ್ಷ ಹೇಳಲಾರರು. ಇನ್ನೊಂದು ಬಲೆ ಡಾಜ್ ಕಿಂಗ್ಸ್‌ವೇ. ಪ್ಲಿಮತ್ ಮೈಗೆ ಡಾಜ್ ಹೆಸರು ಹಚ್ಚಿ ಹೊರದೇಶಕ್ಕೆ ಮಾರಿದ ಗಾಡಿ ಅದು. ಯಂತ್ರ ‘ಪ್ಲಿಮತ್’ ಅಂದು ಬಾನೆಟ್ ಮೇಲೆ ‘ಡಾಜ್’ ಅಂತ ಇದ್ದರೆ ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಜೀಪಿನ ಮಟ್ಟಿಗೆ ಹೇಳಬೇಕೆಂದರೆ ‘ವಿಲ್ಲಿಸ್’ ಅನ್ನುವ ಉತ್ತರ ಉತ್ತರವೇ ಅಲ್ಲ. ಮಿಲ್ಟ್ರಿ ಹರಾಜಿನಲ್ಲಿ ಬಂದದ್ದು, ಮಹೀಂದ್ರಾದವರು ತಯಾರಿಸಿದ್ದು, ಮೂರು ಗಾಡಿ ಸೇರಿಸಿ ಒಂದು ಮಾಡಿದ್ದು, ಎಲ್ಲಕ್ಕೂ ಅದು ಒಂದೇ ಮಂತ್ರ ಹೇಳುತ್ತದೆ. ನೀವೇ ನೋಡಬೇಕಾದದ್ದು ಇಷ್ಟು. ಗ್ರಿಲ್‌ನ ಸೀಳು ಎಣಿಸಿ: ಒಂಬತ್ತಿದ್ದರೆ ಯುದ್ಧಕಾಲದ ಮಿಲ್ಟ್ರಿ ಜೀಪು, ಏಳಿದ್ದರೆ ಆಮೇಲೆ ನಾಗರಿಕರಿಗಾಗಿ ಬಂದ ಸಿಜೆ (ಸಿವಿಲಿಯನ್ ಜೀಪ್) ವಂಶ. ಹಿಂದೆ ಇಳಿಸುವ ಬಾಗಿಲು ಇದ್ದರೆ ಸಿಜೆ, ಇಲ್ಲದಿದ್ದರೆ ಮಿಲ್ಟ್ರಿಯದು. ಬಾನೆಟ್ ಎತ್ತರವಾಗಿ, ಹೆಡ್‌ಲೈಟಿನ ಮೇಲೆ ಒಂದು ಹಣೆ ಇದ್ದಂತೆ ಕಂಡರೆ ಸಿಜೆ-3ಬಿ. ಎತ್ತರದ ಹರಿಕೇನ್ ಎಂಜಿನ್ ಒಳಗೆ ಹಿಡಿಯಲಿ ಅಂತಲೇ ಬಾನೆಟ್ ಏರಿಸಿದ್ದು. ನಮ್ಮ ಕಡೆಯ ಮಹೀಂದ್ರಾ ಜೀಪುಗಳ ಮುಖ್ಯ ಗುರುತು ಇದೇ ಹಣೆ. ಒಂಬತ್ತು ಸೀಳಿನದು ಫೋರ್ಡೋ ವಿಲ್ಲಿಸ್ಸೋ ಅನ್ನುವ ಜಗಳಕ್ಕೆ ಬಂಪರ್ ಹಿಂದಿನ ಅಡ್ಡ ತೊಲೆ ನೋಡಬೇಕು: ಗುಂಡು ಪೈಪ್ ಇದ್ದರೆ ವಿಲ್ಲಿಸ್, ಬೋರಲು ಹಾಕಿದ ಯು ಆಕಾರದ್ದಾದರೆ ಫೋರ್ಡ್. ಮುಂದಿನಿಂದ ಕೆಳಗೆ ಕೂತು ತೆಗೆದ ಫೋಟೊ ಇಲ್ಲದೆ ಇದು ಕಾಣುವುದಿಲ್ಲ. ಜೋಂಗಾಕ್ಕೆ ‘ನಿಸಾನ್ ಪೆಟ್ರೋಲ್’ ಅಂತ ಬರುತ್ತದೆ. ಅಲ್ಲಿ ‘ಪೆಟ್ರೋಲ್’ ಅಂದರೆ ಇಂಧನ ಅಲ್ಲ, ಗಸ್ತು ಅನ್ನುವ ಅರ್ಥದ ಹೆಸರು. ಜಬಲ್ಪುರದ ಕಾರ್ಖಾನೆಯಲ್ಲಿ ಸೈನ್ಯಕ್ಕಾಗಿ ತಯಾರಾದ ಗಾಡಿ ಅದು.

ಮೆಟಾಡೋರ್ ಫೋಟೊ ಹಾಕಿದರೆ ‘ಹನೋಮಾಗ್’ ಇಲ್ಲವೆ ‘ಮರ್ಸಿಡಿಸ್ ಎಲ್206’ ಬಂದೀತು. ಊರ ತುಂಬ ಓಡಾಡಿದ ಮೆಟಾಡೋರ್‌ಗೆ ಮರ್ಸಿಡಿಸ್ ಪಟ್ಟ ಕಟ್ಟಿದರೆ ನಗು ಬರುತ್ತದೆ, ಆದರೆ ಅದಕ್ಕೂ ಬುಡ ಇದೆ. ಜರ್ಮನಿಯ ಟೆಂಪೊ ಕಂಪನಿಯ ಆ ವ್ಯಾನು ಕೈಯಿಂದ ಕೈಗೆ ದಾಟುತ್ತ ಹನೋಮಾಗ್ ಆಯಿತು, ಮರ್ಸಿಡಿಸ್ ಆಯಿತು. ಇಲ್ಲಿ ಬಜಾಜ್ ಟೆಂಪೊ ಅದನ್ನೇ ಮೆಟಾಡೋರ್ ಹೆಸರಿನಲ್ಲಿ ಮಾರಿತು.

ಲಾರಿಯಲ್ಲಿ ಯಂತ್ರ ಯಾಕೆ ಸೋಲುತ್ತದೆ ಅಂದರೆ, ಕ್ಯಾಬಿನ್ ಮತ್ತು ಹಿಂದಿನ ಬಾಡಿ ಕಂಪನಿಯದ್ದಲ್ಲ. ಚಾಸಿ, ಅಂದರೆ ಎಂಜಿನ್, ಚಕ್ರ ಕೂತ ಬರೀ ಚೌಕಟ್ಟು, ತಂದು ಊರಲ್ಲೇ ಕಟ್ಟಿಗೆ, ತಗಡು ಹೊಡೆದು ಬಾಡಿ ಕಟ್ಟಿಸುತ್ತಿದ್ದರು. ಫೋಟೊದ ಮುಕ್ಕಾಲು ಭಾಗ ಬಡಿಗನ ಕೈಕೆಲಸ, ಕಂಪನಿಯದು ಮೂತಿ ಮಾತ್ರ. ಹಾಗಾಗಿ ಬಾನೆಟ್, ಗ್ರಿಲ್, ಮುಂದಿನ ಮಡ್‌ಗಾರ್ಡ್ ಇಷ್ಟನ್ನೇ ಫೋನಿನಲ್ಲಿ ಕತ್ತರಿಸಿ (ಕ್ರಾಪ್ ಮಾಡಿ) ಹುಡುಕಿ, ಉತ್ತರ ಸುಧಾರಿಸುತ್ತದೆ. ಟಾಟಾ ಲಾರಿಯ ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಇದ್ದರೆ ಅದು ಮರ್ಸಿಡಿಸ್ ಜೊತೆಗಿನ ಒಪ್ಪಂದದ ಕಾಲದ್ದು, ಅಂದರೆ 1954ರಿಂದ 1969ರ ಒಳಗಿನದು. ಆಮೇಲಿನದರಲ್ಲಿ ಟಿ ಅಕ್ಷರ. ನಕ್ಷತ್ರ ಕಂಡ ಕೂಡಲೇ ಯಂತ್ರ ಜರ್ಮನಿಗೆ ಓಡುತ್ತದೆ, ನೀವು ಓಡಬೇಡಿ.

ನಂಬರ್ ಪ್ಲೇಟ್ ಬಗ್ಗೆ ಮಾತಾಡುವ ಆ್ಯಪ್‌ಗಳು ದೊಡ್ಡ ವಿದ್ವಾಂಸರಂತೆ ಹೇಳುತ್ತವೆ, ಅರ್ಧ ಮಾತ್ರ ಸರಿ. ಕೆಎ 25 ಧಾರವಾಡ, 26 ಗದಗ, 27 ಹಾವೇರಿ, 63 ಹುಬ್ಬಳ್ಳಿ, ಇಷ್ಟು ಸರಿಯಾಗಿ ಓದುತ್ತವೆ. ಆದರೆ ‘ಕೆಎ’ ಪದ್ಧತಿ ಬಂದದ್ದು 1989ರ ಸುಮಾರಿಗೆ. ಅದಕ್ಕಿಂತ ಹಳೆ ಗಾಡಿಗೆ ಕೆಎ ನಂಬರ್ ಇದ್ದರೆ ಬೇರೆ ರಾಜ್ಯದಿಂದ ಬಂದು ಮತ್ತೆ ನೋಂದಣಿ ಆದದ್ದು ಇರಬಹುದು, ಪ್ಲೇಟ್ ನೋಡಿ ಗಾಡಿಯ ವಯಸ್ಸು ಹೇಳಲಾಗದು. ಇನ್ನೊಂದು ದೊಡ್ಡ ತಪ್ಪು ಬಣ್ಣದ್ದು. ಬಿಳಿ ಪ್ಲೇಟ್ ಮೇಲೆ ಕಪ್ಪಕ್ಷರ ಕಂಡರೆ ‘ಸ್ವಂತ ಕಾರು’ ಅನ್ನುತ್ತವೆ. ಹಳೆ ಕಾಲದಲ್ಲಿ ಲೆಕ್ಕ ಉಲ್ಟಾ: ಸ್ವಂತ ಗಾಡಿಗೆ ಕಪ್ಪು ಪ್ಲೇಟ್ ಮೇಲೆ ಬಿಳಿ ಅಕ್ಷರ, ಬಾಡಿಗೆ ಗಾಡಿಗೆ ಬಿಳಿ ಪ್ಲೇಟ್ ಮೇಲೆ ಕಪ್ಪಕ್ಷರ. ಅಜ್ಜನ ಕಾರು ಅಂತ ಮನೆಮಂದಿ ಹೇಳುತ್ತ ಬಂದದ್ದು ಮದುವೆಗೆ ಹಿಡಿದ ಟ್ಯಾಕ್ಸಿ ಅಂತ ಗೊತ್ತಾಗುವುದು ಇಲ್ಲೇ.

ಈಗ ಫೋಟೊ ಕೊಡುವ ರೀತಿ. ಅರ್ಧ ತಪ್ಪು ಇಲ್ಲೇ ಆಗುತ್ತದೆ.

ಆಲ್ಬಮ್ಮಿನ ಪ್ಲಾಸ್ಟಿಕ್ ಹಾಳೆಯ ಮೇಲಿಂದ ತೆಗೆದರೆ ಹೊಳಪು ಬಿದ್ದು ಗ್ರಿಲ್ ಮಾಯ. ಹಾಳೆ ಸುಲಭವಾಗಿ ಏಳುವುದಿದ್ದರೆ ಎತ್ತಿ, ಅಂಟು ಹಿಡಿದು ಕೂತಿದ್ದರೆ ಕಿತ್ತಬೇಡಿ, ಫೋಟೊದ ಮೇಲ್ಪದರವೇ ಎದ್ದು ಬರುತ್ತದೆ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಕಡೆ ಮೇಜಿನ ಮೇಲಿಟ್ಟು, ಫ್ಲ್ಯಾಶ್ ಆರಿಸಿ, ಫೋನನ್ನು ಫೋಟೊಗೆ ಸಮಾನಾಂತರ ಹಿಡಿಯಬೇಕು. ತೀರ ಹತ್ತಿರ ಹೋಗದೆ ಒಂದು ಮೊಳ ದೂರ ನಿಂತು ಎರಡು ಪಟ್ಟು ಜೂಮ್ ಮಾಡಿದರೆ ಅಂಚು ಬಾಗುವುದಿಲ್ಲ, ನಿಮ್ಮ ನೆರಳೂ ಬೀಳುವುದಿಲ್ಲ. ಹಳೆ ಸ್ಟುಡಿಯೊ ಪ್ರಿಂಟುಗಳ ಖರಬರ ಕಾಗದ ಚಿತ್ರದ ತುಂಬ ಚುಕ್ಕೆ ಹಾಕುತ್ತದೆ, ಯಂತ್ರ ಅದನ್ನೇ ಗ್ರಿಲ್‌ನ ಜಾಳಿ ಅಂದುಕೊಳ್ಳಬಹುದು. ಎರಡೂ ಪಕ್ಕದಿಂದ ಸಮನಾಗಿ ಬೆಳಕು ಬೀಳುವಂತೆ ಇಟ್ಟರೆ ಚುಕ್ಕೆ ತಗ್ಗುತ್ತದೆ. ಸ್ಕ್ಯಾನರ್ ಸಿಕ್ಕರೆ 600 ಡಿಪಿಐಗೆ, ಅಂದರೆ ಒಂದು ಇಂಚಿಗೆ 600 ಚುಕ್ಕೆ ಬರುವಂತೆ, ಇಡಿ. ಆಗ ನಾಲ್ಕು ಇಂಚು ಅಗಲ, ಆರು ಇಂಚು ಉದ್ದದ ಪ್ರಿಂಟು 2400 ಅಡ್ಡ 3600 ಪಿಕ್ಸೆಲ್ ಆಗುತ್ತದೆ, ಅದರಲ್ಲಿ ಎರಡು ಇಂಚಿನ ಕಾರಿಗೂ 1200 ಪಿಕ್ಸೆಲ್ ಸಿಗುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಕೇಳದಿದ್ದರೆ 200ಕ್ಕೆ ಮಾಡಿ ಕೊಟ್ಟುಬಿಡುತ್ತಾರೆ. ‘ಆರ್ನೂರಕ್ಕ ಇಡ್ರೀ’ ಅಂತ ಮೊದಲೇ ಹೇಳಬೇಕು.

ಫೋನಿನಲ್ಲಿ ಮನುಷ್ಯರನ್ನು ಬಿಟ್ಟು ಗಾಡಿಯನ್ನಷ್ಟೇ ಕತ್ತರಿಸಿ. ಇಲ್ಲದಿದ್ದರೆ ಇಳಕಲ್ ಸೀರೆ ಎಲ್ಲಿ ಸಿಗುತ್ತದೆ ಅಂತ ತೋರಿಸುತ್ತದೆ, ತಮಾಷೆಯಲ್ಲ. ಮನೆಯವರ ಮುಖ ಎಲ್ಲಿಯೋ ಹೋಗಿ ಕೂಡುವುದೂ ಇದರಿಂದ ತಪ್ಪುತ್ತದೆ. ಸ್ಟೇರಿಂಗ್ ಎಡಕ್ಕೆ ಕಂಡರೆ ವಿದೇಶಿ ಗಾಡಿ ಅನ್ನುವ ಮುಂಚೆ ಅಂಗಡಿ ಬೋರ್ಡು ಓದಿ ನೋಡಿ. ನೆಗೆಟಿವ್ ತಿರುಗಿಸಿ ಪ್ರಿಂಟ್ ಹಾಕಿದ್ದರೆ ಅಕ್ಷರವೂ ಕನ್ನಡಿಯಲ್ಲಿ ಕಂಡಂತೆ ಇರುತ್ತದೆ. ಬಣ್ಣ ನಂಬಬೇಡಿ. 1970ರ ದಶಕದ ಕಲರ್ ಪ್ರಿಂಟುಗಳಲ್ಲಿ ನೀಲಿ-ಹಸಿರು ಅಂಶ ಮೊದಲು ಮಾಸಿ ಇಡೀ ಚಿತ್ರ ಕೆಂಪಡರುತ್ತದೆ, ಬಿಳಿ ಫಿಯಟ್ಟೂ ಗುಲಾಬಿ ಕಾಣುತ್ತದೆ.

ಮೊದಲ ಉತ್ತರ ಬಂದ ಮೇಲೆ ಮುಂದೆ, ಪಕ್ಕ, ಹಿಂದಿನ ಲೈಟು ಹೀಗೆ ಬೇರೆ ಬೇರೆ ತುಂಡು ಮಾಡಿ ಮತ್ತೆ ಕೇಳಿ. ಮೂರು ತುಂಡಿಗೂ ಒಂದೇ ಹೆಸರು ಬಂದರೆ ನಂಬಿಕೆಗೆ ಅರ್ಹ. ಆ ಹೆಸರಿನ ಪಕ್ಕ ‘ಇಂಡಿಯಾ’ ಸೇರಿಸಿ ಇಂಗ್ಲಿಷಿನಲ್ಲಿ ಹುಡುಕಿದರೆ ಕೊಟ್ಟ ಮನೆಯ ಹೆಸರು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ. ಕನ್ನಡದಲ್ಲಿ ಕೇಳಿದರೆ ಉತ್ತರ ಬರುತ್ತದೆ, ತೆಳ್ಳಗೆ. ಮಾತಾಡುವ ಆ್ಯಪ್‌ಗೆ ಒಂದು ಪರೀಕ್ಷೆ ಇದೆ: ‘ಯಾವ ಭಾಗ ನೋಡಿ ಹೇಳಿದಿ?’ ಅಂತ ಕೇಳಿ. ಗ್ರಿಲ್ ಪೂರ್ತಿ ಚೆಂಡು ಹೂವಿನ ಮಾಲೆಯಲ್ಲಿ ಮುಚ್ಚಿಹೋಗಿದ್ದರೂ ಗ್ರಿಲ್ ನೋಡಿ ಹೇಳಿದೆ ಅಂದರೆ ಅದು ಊಹೆಗೆ ಇಸ್ತ್ರಿ ಹೊಡೆದು ಕೊಟ್ಟದ್ದು.

ಗಾಡಿ ಇನ್ನೂ ಮನೆಯಲ್ಲೇ ಇದ್ದು, ಐವತ್ತು ವರ್ಷ ದಾಟಿದ್ದು, ಮೂಲ ರೂಪದಲ್ಲೇ ಇದ್ದರೆ ಫೋಟೊ ಮೇಲಿನ ಉತ್ತರ ಕೆಲಸಕ್ಕೆ ಬರುವುದಿಲ್ಲ. 2021ರ ನಿಯಮದ ಪ್ರಕಾರ ‘ವಿಎ’ ಸರಣಿಯ ವಿಂಟೇಜ್ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಅಂಥ ಕಡೆ ಆರ್‌ಸಿಯಲ್ಲಿಯ ತಯಾರಿಕೆ ವರ್ಷವನ್ನು ಚಾಸಿ ನಂಬರಿನ ಜೊತೆ ತಾಳೆ ನೋಡಿಯೇ ಬರೆಯಬೇಕು.

ಬರೀ ಆಲ್ಬಮ್ಮಿಗಾದರೆ ಫೋಟೊದ ಬೆನ್ನ ಮೇಲೆ ಮೆತ್ತನೆಯ ಪೆನ್ಸಿಲಿನಿಂದ ಬರೆದಿಡಿ, ಬಾಲ್ ಪೆನ್ ಒತ್ತಿದರೆ ಮುಂದಿನ ಬದಿಗೆ ಗೆರೆ ಮೂಡುತ್ತದೆ. ಯಾವ ಗುರುತಿನಿಂದ ಹೆಸರು ಹೇಳಿದಿರಿ ಅನ್ನುವುದನ್ನೂ ಪಕ್ಕದಲ್ಲಿ ಹಾಕಿ. ಪ್ರೀಮಿಯರ್ ಕಂಪನಿಯ ಹಳೆ ಲಾರಿಯಾದರೆ, ಒಂದೇ ಮೂತಿಗೆ ಡಾಜ್, ಫಾರ್ಗೊ ಅಂತ ಬೇರೆ ಬೇರೆ ಬ್ಯಾಜ್ ಹಚ್ಚಿ ಮಾರಿದ್ದಾರೆ. ಬ್ಯಾಜ್ ಕಾಣದಿದ್ದರೆ ‘ಡಾಜ್ ಇಲ್ಲವೆ ಫಾರ್ಗೊ’ ಅಂತಲೇ ಇರಲಿ.